ತಪ್ಪೊಪ್ಪಿಕೊಂಡವನ ಪರವಾಗಿ ವಕೀಲ ಏನು ವಾದಿಸುತ್ತಾನೆ?

ಕ್ರಿಮಿನಲ್ ಮೊಕದ್ದಮೆಗಳನ್ನು ನಡೆಸುವ ನನ್ನನ್ನು ಬಂಧುಗಳೂ ಪರಿಚಯದವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಕೊಲೆ ಮಾಡಿದವನು ಇವನೇ ಎಂದು ಖಾತ್ರಿಯಾದ ಮೇಲೆ, ಅವನೇ ಬಾಯಿಬಿಟ್ಟು ಒಪ್ಪಿಕೊಂಡ ಮೇಲೆ, ಅವನ ಪರವಾಗಿ ಎದ್ದು ನಿಂತು ಹೇಳುವುದಕ್ಕೆ ವಕೀಲನ ಬಳಿ ಏನು ಉಳಿದಿರುತ್ತದೆ? ಎಂಥ ಆರೋಪಿಗೂ ವಕೀಲನನ್ನು ಪಡೆಯುವ ಹಕ್ಕಿದೆ ಎಂಬ ಉತ್ತರ ಸರಿಯಾದದ್ದೇ, ಆದರೆ ಅದರಿಂದ ಕೇಳಿದವರಿಗೆ ಸಮಾಧಾನವಾದದ್ದನ್ನು ನಾನು ಕಂಡಿಲ್ಲ. ಆದ್ದರಿಂದ ನಾನು ಅಮೆರಿಕದ ವಕೀಲ ಕ್ಲಾರೆನ್ಸ್ ಡ್ಯಾರೋ ಅವರು 1924ರಲ್ಲಿ ನಡೆಸಿದ ಮೊಕದ್ದಮೆಯ ಬಗ್ಗೆ ಹೇಳುತ್ತೇನೆ.

ಆ ವರ್ಷದ ಮೇ 21ರಂದು ಶಿಕಾಗೋ ನಗರದಲ್ಲಿ 19 ವರ್ಷದ ನೇಥನ್ ಲಿಯೊಪೋಲ್ಡ್ ಮತ್ತು 18 ವರ್ಷದ ರಿಚರ್ಡ್ ಲೋಬ್ ಎಂಬಿಬ್ಬರು ಸೇರಿ ಬಾಬಿ ಫ್ರಾಂಕ್ಸ್ ಎಂಬ 14 ವರ್ಷದ ಹುಡುಗನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಕೊಂದರು. ಇಬ್ಬರೂ ಸಿರಿವಂತರ ಮಕ್ಕಳು, ಓದಿನಲ್ಲಿ ಬಹಳ ಮುಂದಿದ್ದವರು. ಸತ್ತ ಹುಡುಗನ ಮೇಲೆ ಅವರಿಗೆ ಯಾವ ಹಗೆಯೂ ಇರಲಿಲ್ಲ; ಯಾರೂ ಕಂಡುಹಿಡಿಯಲಾಗದಂಥ ಅಪರಾಧವೊಂದನ್ನು ಮಾಡಿ ತೋರಿಸಬೇಕೆಂಬ ಹಟವೊಂದೇ ಕಾರಣ. ಶವ ಸಿಕ್ಕ ಜಾಗದಲ್ಲಿ ಒಂದು ಕನ್ನಡಕ ಬಿದ್ದಿತ್ತು. ಅದರ ಕೀಲು ಎಷ್ಟು ಅಪರೂಪದ್ದೆಂದರೆ ಶಿಕಾಗೋದಲ್ಲಿ ಅಂಥ ಕನ್ನಡಕಗಳು ಮಾರಾಟವಾಗಿದ್ದುದು ಮೂರೇ, ಅವುಗಳಲ್ಲೊಂದು ಲಿಯೊಪೋಲ್ಡನದು. ಹತ್ತು ದಿನ ಕಳೆಯುವುದರೊಳಗೆ ಇಬ್ಬರೂ ತಪ್ಪೊಪ್ಪಿಕೊಂಡರು, ಮತ್ತು ಅವರನ್ನು ಗಲ್ಲಿಗೇರಿಸಬೇಕೆಂಬ ಕೂಗು ಎಲ್ಲೆಡೆ ಎದ್ದಿತು.

ಆಗ ಡ್ಯಾರೋ ಅವರಿಗೆ 67 ವರ್ಷ. ಹುಡುಗರಿಗೆ ಬುದ್ಧಿ ಸ್ವಾಧೀನವಿರಲಿಲ್ಲವೆಂದು ಅವರು ವಾದಿಸುತ್ತಾರೆಂದೇ ಎಲ್ಲರೂ ಎಣಿಸಿದ್ದರು. ಜುಲೈ 21ರಂದು ಅವರು ಎದ್ದು ನಿಂತು, ಕೊಲೆ ಮತ್ತು ಅಪಹರಣ ಎರಡೂ ಆರೋಪಗಳನ್ನು ತಮ್ಮ ಕಕ್ಷಿದಾರರು ಒಪ್ಪಿಕೊಳ್ಳುತ್ತಾರೆಂದು ನ್ಯಾಯಾಲಯಕ್ಕೆ ತಿಳಿಸಿದರು. ಎರಡನ್ನೂ ಒಟ್ಟಿಗೇ ಒಪ್ಪಿಕೊಂಡದ್ದರ ಹಿಂದೆ ಲೆಕ್ಕಾಚಾರವಿತ್ತು: ಎರಡಕ್ಕೂ ಮರಣದಂಡನೆ ವಿಧಿಸಬಹುದಾಗಿದ್ದರಿಂದ, ಒಂದರಲ್ಲಿ ಗಲ್ಲು ತಪ್ಪಿದರೂ ಪ್ರಾಸಿಕ್ಯೂಷನ್ ಇನ್ನೊಂದನ್ನು ಹಿಡಿದು ಹೊಸದಾಗಿ ವಿಚಾರಣೆ ನಡೆಸಲು ಅವಕಾಶವಿತ್ತು. ಇದಕ್ಕಿಂತ ದೊಡ್ಡ ವಿಷಯವೆಂದರೆ, ತಪ್ಪೊಪ್ಪಿಗೆಯಾದ ಮೇಲೆ ಹನ್ನೆರಡು ಜನ ನಾಗರಿಕರ ಜ್ಯೂರಿಗೆ ಅಲ್ಲಿ ಕೆಲಸವಿರಲಿಲ್ಲ. ಶಿಕ್ಷೆಯನ್ನು ನಿರ್ಧರಿಸುವ ಭಾರ ಪೂರ್ತಿಯಾಗಿ ನ್ಯಾಯಾಧೀಶ ಜಾನ್ ಕ್ಯಾವರ್ಲಿ ಒಬ್ಬರ ಮೇಲೆಯೇ ಬಿತ್ತು. ಹನ್ನೆರಡು ಜನ ಸೇರಿ ಒಬ್ಬನನ್ನು ಸಾವಿಗೆ ಕಳಿಸುವಾಗ ಪ್ರತಿಯೊಬ್ಬನೂ ಇದು ಉಳಿದವರ ತೀರ್ಮಾನವೂ ಹೌದೆಂದು ಮನಸ್ಸಿಗೆ ಹೇಳಿಕೊಳ್ಳಬಹುದು, ಒಬ್ಬನೇ ತೀರ್ಪುಗಾರನಾದಾಗ ಆ ಆಸರೆ ಇಲ್ಲ. ಈ ಮಾತನ್ನು ಡ್ಯಾರೋ ಅವರು ಬಚ್ಚಿಡಲಿಲ್ಲ. ಇವರನ್ನು ಗಲ್ಲಿಗೇರಿಸುವುದಾದರೆ ಅದನ್ನು ತಾವೇ, ಯೋಚಿಸಿ, ತಣ್ಣಗಿನ ಮನಸ್ಸಿನಿಂದ ಮಾಡಬೇಕಾಗುತ್ತದೆ ಎಂದು ನ್ಯಾಯಾಧೀಶರ ಎದುರಿಗೇ ಹೇಳಿದರು. ಆಗಸ್ಟ್ ತಿಂಗಳ ಸೆಕೆಯಲ್ಲಿ ಸುಮಾರು ಹನ್ನೆರಡು ಗಂಟೆಗಳಷ್ಟು ಸಾಗಿದ ಆ ವಾದದಲ್ಲಿ ಹುಡುಗರನ್ನು ಬಿಟ್ಟುಬಿಡಿ ಎಂಬ ಕೋರಿಕೆ ಎಲ್ಲಿಯೂ ಇಲ್ಲ. ಸೆಪ್ಟೆಂಬರ್ 10ರಂದು ಕ್ಯಾವರ್ಲಿ ಅವರು, ಮುಖ್ಯವಾಗಿ ಆರೋಪಿಗಳ ಎಳೆಯ ವಯಸ್ಸನ್ನು ಕಾರಣವಾಗಿ ಕೊಟ್ಟು, ಜೀವಾವಧಿಯ ಜೊತೆಗೆ 99 ವರ್ಷಗಳ ಸೆರೆಮನೆವಾಸ ವಿಧಿಸಿದರು.

ನನ್ನ ಉತ್ತರ ಇದರಲ್ಲಿದೆ. ನಡೆದದ್ದನ್ನು ಇಲ್ಲವೆನ್ನುವುದು ವಕೀಲನ ಕೆಲಸವಲ್ಲ. ತೀರ್ಪು ಕೊಡುವವನು ತಾನು ಮಾಡಲಿರುವುದೇನು ಎಂಬುದನ್ನು ನೆಟ್ಟಗೆ ನೋಡುವಂತೆ ಮಾಡುವುದು ಅವನ ಕೆಲಸ, ಮತ್ತು ತಪ್ಪೊಪ್ಪಿಗೆಯಾದ ಮೇಲೂ ಆ ಕೆಲಸ ಪೂರ್ತಿಯಾಗಿ ಬಾಕಿಯಿರುತ್ತದೆ.

ಡ್ಯಾರೋ ಅವರು 1857ರಲ್ಲಿ ಒಹಾಯೊ ರಾಜ್ಯದ ಹಳ್ಳಿಗಾಡಿನಲ್ಲಿ ಹುಟ್ಟಿದವರು. ತಂದೆ ಮೇಜು ಕುರ್ಚಿಗಳನ್ನೂ ಶವಪೆಟ್ಟಿಗೆಗಳನ್ನೂ ಮಾಡುತ್ತಿದ್ದ, ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ, ಊರಿನವರ ನಂಬಿಕೆಗಳನ್ನು ಒಪ್ಪದ ಓದುಗ. ಶಿಕಾಗೋದಲ್ಲಿ ರೈಲ್ವೆ ಕಂಪನಿಯ ವಕೀಲರಾಗಿದ್ದ ಮಗ 1894ರಲ್ಲಿ ಆ ನೌಕರಿಯನ್ನು ಬಿಟ್ಟು, ಮುಷ್ಕರ ಹೂಡಿದ ರೈಲ್ವೆ ಕಾರ್ಮಿಕರ ನಾಯಕ ಯುಜೀನ್ ಡೆಬ್ಸ್ ಅವರ ಪರ ನಿಂತರು. ಅದೇ ವರ್ಷ, ನಗರದ ಮೇಯರನ್ನು ಕೊಂದ ಪ್ರೆಂಡರ್‌ಗ್ಯಾಸ್ಟ್ ಎಂಬ ಅಸ್ವಸ್ಥ ಮನಸ್ಸಿನ ಯುವಕನನ್ನು ಉಳಿಸಲು ಹೋರಾಡಿ ಸೋತರು, ಅವನನ್ನು ಗಲ್ಲಿಗೇರಿಸಲಾಯಿತು. 1925ರಲ್ಲಿ ಟೆನೆಸ್ಸೀ ರಾಜ್ಯದ ಡೇಟನ್ ಪಟ್ಟಣದಲ್ಲಿ, ವಿಕಾಸವಾದವನ್ನು ಪಾಠ ಹೇಳಿದ ಶಿಕ್ಷಕ ಸ್ಕೋಪ್ಸ್ ಅವರ ಪರವಾಗಿ ಮಾಡಿದ ವಾದದಿಂದಲೇ ಜಗತ್ತು ಅವರನ್ನು ಹೆಚ್ಚಾಗಿ ನೆನೆಯುತ್ತದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದೇ ವರ್ಷದ ಡೆಟ್ರಾಯಿಟ್ ಮೊಕದ್ದಮೆ.

ಒಸಿಯನ್ ಸ್ವೀಟ್ ಎಂಬ ಕಪ್ಪು ವರ್ಣೀಯ ವೈದ್ಯರು ಬಿಳಿಯರ ಬೀದಿಯಲ್ಲಿ ಮನೆ ಕೊಂಡಿದ್ದರು. ಸೆಪ್ಟೆಂಬರ್ 9ರ ರಾತ್ರಿ ಮನೆಯ ಮುಂದೆ ಜನ ಸೇರಿ ಕಲ್ಲು ತೂರಿದರು. ಒಳಗಿನಿಂದ ಗುಂಡು ಹಾರಿ ಹೊರಗಿದ್ದವನೊಬ್ಬ ಸತ್ತ. ಒಳಗಿದ್ದ ಹನ್ನೊಂದು ಮಂದಿಯ ಮೇಲೂ ಕೊಲೆ ಆರೋಪ ಬಂತು. ಅಲ್ಲಿ ಗುಂಪೇ ಇರಲಿಲ್ಲ, ಅಲ್ಲೊಬ್ಬ ಇಲ್ಲೊಬ್ಬ ನಿಂತಿದ್ದರಷ್ಟೇ ಎಂದು ಪ್ರಾಸಿಕ್ಯೂಷನ್ ಸಾಕ್ಷಿಗಳು ಒಬ್ಬರ ಹಿಂದೊಬ್ಬರು ಹೇಳಿದರು. ಅವರಲ್ಲೊಬ್ಬ ಹುಡುಗ ಮೊದಲು ಭಾರೀ ಗುಂಪಿತ್ತು ಎಂದು ನುಡಿದು, ತಡವರಿಸಿ ದೊಡ್ಡ ಗುಂಪು ಎಂದು, ಕೊನೆಗೆ ಕೆಲವರಿದ್ದರು ಎಂದು ಇಳಿಸಿಕೊಂಡ. ಡ್ಯಾರೋ ಅವರು ಪಾಟೀಸವಾಲಿನಲ್ಲಿ ಅವನನ್ನು ಗದರಿಸದೆ, ಮೊದಲು ಉತ್ತರಿಸುವಾಗ ‘ಕೆಲವರು’ ಎನ್ನುವುದನ್ನು ಮರೆತೆಯಲ್ಲವೇ ಎಂದಷ್ಟೇ ವಿಚಾರಿಸಿದರು. ಹುಡುಗ ಹೌದೆಂದ. ಆ ಒಂದು ‘ಹೌದು’ ಎಷ್ಟೋ ಸಾಕ್ಷಿಗಳ ಹೇಳಿಕೆಯನ್ನು ಅಲುಗಾಡಿಸಿತು. ಮೊದಲ ವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ವೈದ್ಯರ ತಮ್ಮ ಹೆನ್ರಿಯನ್ನು ಮಾತ್ರ ಕಟಕಟೆಗೆ ತಂದ ಎರಡನೆಯ ವಿಚಾರಣೆಯಲ್ಲಿ, ಜನರ ದೊಂಬಿಗೆ ಸಿಕ್ಕು ಸತ್ತ ಕಪ್ಪು ಜನರ ಚರಿತ್ರೆಯನ್ನೆಲ್ಲ ಬಲ್ಲವನೊಬ್ಬ ಆ ಕಿಟಕಿಯ ಹಿಂದೆ ನಿಂತು ಏನನ್ನು ಕಂಡಿರಬೇಕೆಂದು ಡ್ಯಾರೋ ಅವರು ಹನ್ನೆರಡು ಬಿಳಿಯರಿಗೆ ಗಂಟೆಗಟ್ಟಲೆ ವಿವರಿಸಿದರು. 1926ರ ಮೇ ತಿಂಗಳಲ್ಲಿ ಆ ಹನ್ನೆರಡೂ ಮಂದಿ ಹೆನ್ರಿ ಸ್ವೀಟ್ ನಿರ್ದೋಷಿ ಎಂದರು.

ಇಷ್ಟು ಕೇಳಿದವರು ಡ್ಯಾರೋ ಅವರನ್ನು ದೇವರ ಪಟದ ಪಕ್ಕದಲ್ಲಿಟ್ಟರೆ ಅದು ನನಗೆ ಒಪ್ಪಿಗೆಯಿಲ್ಲ. 1912ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜ್ಯೂರಿ ಸದಸ್ಯನಿಗೆ ಲಂಚ ಕೊಡಿಸಿದ ಆರೋಪದ ಮೇಲೆ ಅವರೇ ಆರೋಪಿಯಾದರು. ಒಂದು ವಿಚಾರಣೆಯಲ್ಲಿ ಖುಲಾಸೆಯಾದರು, ಇನ್ನೊಂದರಲ್ಲಿ ಜ್ಯೂರಿಗೆ ಒಮ್ಮತ ಬರಲಿಲ್ಲ. ನನ್ನನ್ನು ಹೆಚ್ಚು ಕಾಡುವುದು 1932ರ ಹೊನೊಲುಲು ಪ್ರಕರಣ. ಬಿಳಿಯ ನೌಕಾಧಿಕಾರಿಯ ಹೆಂಡತಿಯ ಮೇಲೆ ಅತ್ಯಾಚಾರ ಮಾಡಿದನೆಂಬ ಆರೋಪ ಹೊತ್ತಿದ್ದ, ಆದರೆ ಅದು ಸಾಬೀತಾಗದಿದ್ದ ಜೋಸೆಫ್ ಕಹಾಹವಾಯ್ ಎಂಬ ಹವಾಯಿಯನ್ ಯುವಕನನ್ನು ಆ ಅಧಿಕಾರಿ, ಅವನ ಅತ್ತೆ ಮತ್ತು ಇಬ್ಬರು ನಾವಿಕರು ಅಪಹರಿಸಿ ಕೊಂದಿದ್ದರು. ಡ್ಯಾರೋ ಅವರು ವಾದಿಸಿದ್ದು ಆ ನಾಲ್ವರ ಪರವಾಗಿ. ಅವರಿಗೂ ವಕೀಲರು ಬೇಕೇ ಬೇಕು, ಇದರಲ್ಲಿ ನನಗೆ ತಕರಾರಿಲ್ಲ. ಆದರೆ ಶಿಕಾಗೋದಲ್ಲಿ ಕೇಳಿದ್ದು ಜೀವ ಉಳಿಸಿ ಎಂದು ಮಾತ್ರ. ಇಲ್ಲಿ ಕೇಳಿದ್ದು ಪೂರ್ತಿ ಬಿಡುಗಡೆಯನ್ನು. ಜ್ಯೂರಿ ಒಪ್ಪದೆ ನಾಲ್ವರನ್ನೂ ದೋಷಿಗಳೆಂದಿತು. ಹತ್ತು ವರ್ಷಗಳ ಶಿಕ್ಷೆಯನ್ನು ಗವರ್ನರ್ ಒಂದು ಗಂಟೆಗೆ ಇಳಿಸಿದರು, ಆ ಒಂದು ಗಂಟೆಯನ್ನು ಅವರು ಕಳೆದದ್ದು ಗವರ್ನರ್ ಕಚೇರಿಯಲ್ಲಿ.