ಹನುಮಂತನ ಬಾಲ, ಅಮ್ಮನ ಮಂಡಿ

ಮಂಡಿ ಆಪರೇಷನ್ ಆದವರ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: 90 ಡಿಗ್ರಿ. ಕಾಲು ಅಷ್ಟು ಮಡಚಿದರೆ ಕುರ್ಚಿಯಲ್ಲಿ ಆರಾಮಾಗಿ ಕೂತು ಏಳಬಹುದು. ಅಮ್ಮನ ಕಾಲು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಫಿಸಿಯೊಥೆರಪಿಯ ಹುಡುಗಿ ಹಿಮ್ಮಡಿ ಮುಟ್ಟಿದರೆ ಸಾಕು, ಹಲ್ಲು ಕಚ್ಚಿ ಮಂಚದ ಅಂಚು ಹಿಡಿದುಬಿಡುತ್ತಿದ್ದರು. ತೊಡೆಯೆಲ್ಲ ಕಲ್ಲು. "ನೋವಿಗಿಂತ ನಿಮ್ಗೆ ಭಯನೇ ಜಾಸ್ತಿ ಆಂಟಿ" ಅನ್ನುತ್ತಿದ್ದಳು ಅವಳು.

ಆ ದಿನ ಸಾಗರದಿಂದ ಚಿಕ್ಕಮ್ಮ ಬಂದಿದ್ದರು. ವ್ಯಾಯಾಮ ನಡೆಯುತ್ತಿದ್ದಾಗಲೇ, "ಅಕ್ಕಾ, ಅಣ್ಣ ಹನುಮಂತನ ಪಾರ್ಟು ಮಾಡಿದ್ದು ನೆನಪಿದ್ಯಾ?" ಎಂದು ಶುರು ಮಾಡಿದರು. ಊರ ನಾಟಕ. ಮಾವನ ಬಾಲಕ್ಕೆ ಒಣಹುಲ್ಲು ತುಂಬಿ ಹೊಲಿದಿದ್ದರಂತೆ. ಪರದೆಯ ಹಿಂದೆ ಯಾರದೋ ಕರು. ಸಂದಿಯಲ್ಲಿ ಬಾಲ ಕಂಡದ್ದೇ ತಡ, ಮೇಯಲು ನಿಂತಿದೆ. ಇತ್ತ ಹನುಮಂತ ಸಮುದ್ರ ಹಾರಬೇಕು, ಒಂದು ಹೆಜ್ಜೆ ಮುಂದಿಡಲು ಆಗುತ್ತಿಲ್ಲ! "ಲಂಕೆ ಆಮೇಲೆ, ಮೊದ್ಲು ಕರು ಬಿಡಿಸ್ರೋ ಅಂತ ಕೂಗಿದ್ನಲ್ಲೇ ಅಕ್ಕಾ."

ಅಮ್ಮನ ಹೊಟ್ಟೆ ಕುಲುಕತೊಡಗಿತು. ಕಣ್ಣಲ್ಲಿ ನೀರು. ಆಮೇಲೆ ದನಿಯೇ ಇಲ್ಲದ ನಗು. ಮಂಚದ ಅಂಚು ಬಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹುಡುಗಿಯ ಕೈ ಹಿಮ್ಮಡಿಯ ಮೇಲೇ ಇತ್ತು. ಮೆಲ್ಲಗೆ ಒತ್ತಿದಳು. ಕಾಲು ಮಡಚಿತು. ಅಳೆದು ನೋಡಿದರೆ 90ಕ್ಕೆ ಸ್ವಲ್ಪವೇ ಬಾಕಿ.

ಬೆಳಗಿನ ನೋವಿನ ಮಾತ್ರೆಯ ಪಾಲೂ ಇದರಲ್ಲಿದೆ, ನಿಜ. ಆದರೆ ಮಾತ್ರೆ ದಿನಾ ಇತ್ತು, ಕಾಲು ಹೀಗೆ ಸಡಿಲವಾಗಿರಲಿಲ್ಲ. ಆಕ್ಸ್‌ಫರ್ಡ್‌ನ ಮನಶ್ಶಾಸ್ತ್ರಜ್ಞ ರಾಬಿನ್ ಡನ್ಬಾರ್ ಮತ್ತು ಸಂಗಡಿಗರು, ನಕ್ಕರೆ ನೋವು ತಗ್ಗುತ್ತದೆಯೇ ಎಂದು ಪರೀಕ್ಷಿಸಿ 2011ರಲ್ಲಿ ಬರೆದಿದ್ದರು. ತಮಾಷೆಯ ವಿಡಿಯೊ ನೋಡಿ ಚೆನ್ನಾಗಿ ನಕ್ಕವರು, ತೋಳಿಗೆ ಸುತ್ತಿದ ಬಿಪಿ ಪಟ್ಟಿಯ ಬಿಗಿತವನ್ನೋ ಕೊರೆಯುವ ತಣ್ಣನೆಯನ್ನೋ ಮೊದಲಿಗಿಂತ ಹೆಚ್ಚು ತಡೆದುಕೊಂಡರು. ಹೊಟ್ಟೆ ಹಿಡಿದು ನಗುವಾಗ ಸ್ನಾಯುಗಳಿಗೆ ಬೀಳುವ ಶ್ರಮದಿಂದ ಎಂಡಾರ್ಫಿನ್ (ನೋವು ಮರೆಸುವ, ದೇಹವೇ ತಯಾರಿಸುವ ರಾಸಾಯನಿಕ) ಬಿಡುಗಡೆಯಾಗಿ ನೋವು ತಗ್ಗುತ್ತದೆ ಎಂಬುದು ಅವರ ವಾದ. ಮುಗುಳ್ನಗೆ ಸಾಲದು. ಜೊತೆಗೆ ಜನ ಇದ್ದರಂತೂ ನಗು ಇನ್ನೂ ಜಾಸ್ತಿ. ನಾನು ಟಿವಿಯಲ್ಲಿ ಎಷ್ಟು ಹಾಸ್ಯ ಹಾಕಿಕೊಟ್ಟರೂ ಅಮ್ಮ ಸುಮ್ನೆ ನೋಡುತ್ತಿದ್ದರು. ಚಿಕ್ಕಮ್ಮನೇ ಬರಬೇಕಾಯಿತು.

ಒಂದು ಎಚ್ಚರಿಕೆ. ಹೊಟ್ಟೆಯ ಆಪರೇಷನ್ ಆದವರು, ಹರ್ನಿಯಾ ಇರುವವರು ಹೀಗೆ ಬಿದ್ದು ಬಿದ್ದು ನಗುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ. ಅಮ್ಮನದು ಮಂಡಿ ಆದ್ದರಿಂದ ಆ ಭಯವಿರಲಿಲ್ಲ.

ಮರುದಿನ ಚಿಕ್ಕಮ್ಮ ಹೊರಡಲು ಬ್ಯಾಗು ತುಂಬುತ್ತಿದ್ದರು. ತಡೆದದ್ದು ಫಿಸಿಯೊಥೆರಪಿಯ ಹುಡುಗಿ. "ಇನ್ನೊಂದು ವಾರ ಇದ್ದು ಹೋಗಿ ಆಂಟಿ, ನನ್ನ ಕೆಲಸ ಸುಲಭ ಆಗುತ್ತೆ." ಚಿಕ್ಕಮ್ಮ ಉಳಿದರು.