ಕೇಪಿನ ಕೋವಿ: ಏಳು ಸೆಂಟಿಮೀಟರ್ ಎಲ್ಲಿ ಹೋಯಿತು?

ಕೋವಿಯ ಮರಕ್ಕೆ ಅಗಸೆ ಎಣ್ಣೆ ಕುಡಿಸಿದ್ದು, ಕೇಪಿಗೆ ಬಡಿಯುವ ಸುತ್ತಿಗೆಯ, ಅಂದರೆ ಕುದುರೆಯ, ತುಕ್ಕು ಬಿಡಿಸಿದ್ದು ಎಲ್ಲ ಹಳೆಯ ಕೋವಿ ಇಟ್ಟುಕೊಂಡ ನೀವೂ ಮಾಡುವ ಕೆಲಸವೇ, ಬಿಡಿ. ಮೂರು ವಾರ ನನ್ನ ನಿದ್ದೆ ಕೆಡಿಸಿದ್ದು ನಳಿಗೆ.

ನಳಿಗೆಯ ಬಾಯಿಂದ ಮದ್ದು ಜಡಿದು, ಕೇಪು ಎಂಬ ಸಿಡಿಯುವ ಪುಟ್ಟ ಟೋಪಿಯಿಂದ ಹೊತ್ತಿಸುವ ಅಜ್ಜನ ಕೋವಿ ತೀರ್ಥಹಳ್ಳಿಯಿಂದ ಪುಣೆಗೆ, ನನ್ನ ಹೆಸರಿನ ಪರವಾನಗಿಗೆ ಬಂದು ಹನ್ನೊಂದು ವರ್ಷ. ಒಂದು ಸಲವೂ ಹಾರಿಸಿಲ್ಲ. ಆಯುಧಪೂಜೆಗೆ ಕುಂಕುಮ, ಚುನಾವಣೆ ಬಂದರೆ ಠಾಣೆಯ ವಾಸ, ಅದರ ಬದುಕು ಇಷ್ಟೇ. 2019ರ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದಾಗ ಗೆಳೆಯರೊಬ್ಬರು ಒಂದನ್ನು ಒಪ್ಪಿಸಬೇಕಾಯಿತು. ಒಪ್ಪಿಸಿದ್ದು ಚೆನ್ನಾಗಿ ಹಾರುವುದನ್ನು, ಉಳಿಸಿಕೊಂಡದ್ದು ಎಂದೂ ಹಾರಿಸದ ಎರಡನ್ನು. ಹಳೆಯ ಕೋವಿಯ ಹುಚ್ಚಿನ ನಮ್ಮ ಪೈಕಿಯವರೇ ಹಾಗೆ.

ಕೈಗೆ ಬಂದ ದಿನವೇ ಮಾಡಬೇಕಾದ ಅಳತೆಯನ್ನು ನಾನು ಈಗ ಮಾಡಿದೆ. ಬೈಯಿರಿ. ಮದ್ದು ಜಡಿಯುವ ಕಡ್ಡಿ ನಳಿಗೆಯೊಳಗೆ 81 ಸೆಂಟಿಮೀಟರ್‌ಗೆ ನಿಂತಿತು. ಹೊರಗಿನಿಂದ ಕೇಪು ಕೂರುವ ಮೊಳೆಯವರೆಗೆ 88. ಎರಡೂ ಒಂದೇ ಇರಬೇಕು; ಏಳರ ವ್ಯತ್ಯಾಸವೆಂದರೆ ತಳದಲ್ಲಿ ಏನೋ ಕೂತಿದೆ. ಕಡಜದ ಮಣ್ಣಿನ ಗೂಡಿರಬೇಕು ಎಂದು ಗೆಳೆಯರು ಸಮಾಧಾನ ಹೇಳಿದರು. ಗೂಡಾದರೆ ಕುಟ್ಟಿದಾಗ ಪುಡಿಯಾಗಬೇಕಿತ್ತು ಎನ್ನಿಸಿತು. ಕುಟ್ಟುವ ಧೈರ್ಯ ಮಾತ್ರ ಬರಲಿಲ್ಲ.

ಒಳಗಿನದನ್ನು ಎಳೆದು ತೆಗೆಯುವಾಗ ಕಿಡಿ ಏಳಬಾರದೆಂದು ರವಿವಾರ ಪೇಟೆಯಿಂದ ಹಿತ್ತಾಳೆಯ ಸರಳು ತಂದೆ. ಮನೆಯಲ್ಲಿ ಅಯಸ್ಕಾಂತ ಹಿಡಿದರೆ ಟಪ್ಪನೆ ಅಂಟಿಕೊಂಡಿತು! ಹಿತ್ತಾಳೆ ಬಳಿದುಕೊಂಡ ಕಬ್ಬಿಣ. ಹಿಂದಿರುಗಿಸಲು ಹೋದರೆ ಅಂಗಡಿಯವರು ಅಯಸ್ಕಾಂತದ ಮೇಲೆಯೇ ಸಂಶಯಪಟ್ಟರು. ಬೇರೆ ಕಡೆ ನಿಜವಾದ ಹಿತ್ತಾಳೆ ಸಿಕ್ಕಿತು. ತುದಿಗೆ ಎಳೆಯುವ ತಿರುಪು ಮಾಡಿಕೊಟ್ಟ ಲೇತ್‌ನವರು, 'ಠಾಸಣೀಚೀ ಬಂದೂಕ್' (ಮರಾಠಿಯಲ್ಲಿ ಜಡಿಯುವ ಕೋವಿ) ಎಂದು ಅರ್ಧ ಗಂಟೆ ಕಥೆ ಹೇಳಿ, ತಿರುಪನ್ನು ಸರಳಿಗೆ ಕೂರಿಸುವ ಸುತ್ತುಗೆರೆ ಮಾತ್ರ ಅಳತೆಗೆ ಹೊಂದದಂತೆ ಹಾಕಿದ್ದರು. ಮತ್ತೊಂದು ವಾರ ಹೋಯಿತು.

ಆ ವಾರ ಸುಮ್ಮನೆ ಕೂರಲಾಗದೆ ಜೂನಾ ಬಾಜಾರಿನಲ್ಲಿ ಹಳೆಯ ತೇಗದ ಕಿಟಕಿಯ ಚೌಕಟ್ಟೊಂದನ್ನು ಕೊಂಡೆ. ಬತ್ತಿ ಕೋವಿಯ ಮರದ ಮಾದರಿ ಮಾಡಬೇಕು. ಹಾವಿನಂಥ ಕೊಂಡಿ ಉರಿಯುವ ಬತ್ತಿಯನ್ನು ಕಚ್ಚಿಕೊಂಡು ಬಟ್ಟಲಿನ ಮದ್ದಿಗೆ ತಲೆ ಬಾಗಿಸುವ ಆ ಚಲನೆ ಸಿಕ್ಕರೆ ಸಾಕು. ಮರದ ಕೋವಿಗೆ ಠಾಣೆಯ ಓಡಾಟವೂ ಇಲ್ಲ. ಇರಲಿ, ಅದು ಮಳೆಗಾಲಕ್ಕೆ.

ನಳಿಗೆಗೆ ನೀರು ತುಂಬಿಸಿ ಮೂರು ದಿನ ನಿಲ್ಲಿಸಿದೆ. ಮದ್ದಿನೊಳಗಿನ ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ನೀರಿನಲ್ಲಿ ಕರಗುತ್ತದೆ, ಹಾಗಾದರೆ ಅದರ ಜೀವ ಹೋದಂತೆ. ನಾಲ್ಕನೆಯ ದಿನ ತಿರುಪು ಕಚ್ಚಿತು. ಹೊರಬಂದದ್ದು ತೆಂಗಿನ ನಾರು. ಕೈ ತಣ್ಣಗಾಯಿತು. ಕಡಜ ತೆಂಗಿನ ನಾರು ತರುವುದಿಲ್ಲ; ಮದ್ದು, ಚರೆ ಅಲುಗದಂತೆ ಜಡಿಯುವುದು ಅದನ್ನು. ಆಮೇಲೆ ಏಳು ಸೀಸದ ಚರೆ, ಇನ್ನಷ್ಟು ನಾರು, ಕೊನೆಗೆ ರಾಗಿ ಅಂಬಲಿಯಂಥ ಕಪ್ಪು ಮದ್ದು.

ರಜೆಯಲ್ಲಿ ನಾವು ಮೊಮ್ಮಕ್ಕಳೆಲ್ಲ ಈ ಕೋವಿಯ ಕೆಳಗೆ ಸಾಲಾಗಿ ಕೂತು ಉಣ್ಣುತ್ತಿದ್ದೆವು. ಹನ್ನೊಂದು ವರ್ಷ ಪ್ರತಿ ಚುನಾವಣೆಗೂ ನಾನು ಠಾಣೆಗೆ ಒಪ್ಪಿಸಿ, ರಸೀದಿ ಪಡೆದು, ತಂದದ್ದು ತುಂಬಿದ ಕೋವಿಯನ್ನು!

ಅಮ್ಮನಿಗೆ ಫೋನ್ ಮಾಡಿದೆ. "ಗದ್ದೆಗೆ ಹಂದಿ ಬಂತು ಎಂದು ಅಪ್ಪಯ್ಯ ತುಂಬಿಸಿಟ್ಟಿದ್ದರು. ಹಂದಿ ಬರಲೇ ಇಲ್ಲ. ನೀನು ಇನ್ನೂ ತೆಗೆದಿರಲಿಲ್ಲವೇ?" ಎಂದಳು, ಒಲೆಯ ಮೇಲೆ ಹಾಲು ಬಿಟ್ಟು ಬಂದವನನ್ನು ಕೇಳುವಂತೆ.

ಈಗ ಕಡ್ಡಿ 88ಕ್ಕೆ ತಾಗುತ್ತದೆ. ಚರೆ ಒಂದು ಡಬ್ಬಿಯಲ್ಲಿದೆ. ಪೆಟ್ಲುಪ್ಪು ಗೊಬ್ಬರವೂ ಹೌದಲ್ಲ, ಕಪ್ಪು ನೀರನ್ನು ದಾಸವಾಳದ ಕುಂಡಕ್ಕೆ ಸುರಿದೆ.