ಬೇಸಿಗೆಯ ಅಳತೆ

ಸೋಮವಾರ, 28 ಏಪ್ರಿಲ್ 2025

ಭರಣಿ ಮಳೆ ನಕ್ಷತ್ರ ಹುಟ್ಟಿದೆ. ಮಳೆ ಹಿಡಿಯುವ ಮೊದಲು ಒರತೆ ಅಳೆಯಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಸೆಪ್ಟೆಂಬರಿನಲ್ಲಿ ಅಳೆದರೆ ಮಲೆನಾಡಿನ ಯಾವ ಒರತೆಯಲ್ಲೂ ‘ಹೆಚ್ಚುವರಿ ನೀರು’ ಕಾಣುತ್ತದೆ. ಒರತೆಯ ನೀರನ್ನು ಬಾಟಲಿಗೆ ತುಂಬಿ ಮಾರಲು ಬರುವ ಘಟಕದ ಅರ್ಜಿಗೆ ಚಂದ ಕಾಣುವುದು ಆ ಅಂಕಿ. ಊರು ಬರೆದಿಟ್ಟುಕೊಳ್ಳಬೇಕಾದ್ದು ಈಗಿನದು.

ಬಕೆಟ್ಟಿನ ಮೇಲೆ ಅಚ್ಚಾದ ‘10 ಲೀಟರ್’ ನಂಬುವಂತಿಲ್ಲ. ಲೀಟರ್ ಅಳತೆಯಲ್ಲಿ ಹತ್ತು ಸಲ ಹೊಯ್ದು, ನೀರು ನಿಂತಲ್ಲಿ ಬಣ್ಣದ ಗೆರೆ ಎಳೆಯಬೇಕು. ಒರತೆಯ ನೀರು ಹರಿದು ಬರುವ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ ದೋಣಿ) ಬಾಯಿಗೆ ಬಕೆಟ್ ಒಡ್ಡುವ ಮುಂಚೆ ದಬ್ಬೆಯ ಬುಡಕ್ಕೆ ಬಗ್ಗಿ ನೋಡಿ. ಕಲ್ಲಿನ ಸಂದಿಯಲ್ಲಿ ಸಣ್ಣಗೆ ಜಿನುಗಿ ಪಕ್ಕದ ಕೆಸುವಿನ ಬುಡಕ್ಕೆ ಇಳಿಯುವ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಶೇಡಿ ಮಣ್ಣು (ನೀರು ಸುಲಭಕ್ಕೆ ಇಳಿಯದ ಬಿಳಿ ಜೇಡಿ) ಕಲಸಿ ಅಲ್ಲಿ ಮೆತ್ತಿ, ಕಾಲು ಗಂಟೆ ಬಿಟ್ಟು, ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ಐದು ಸೆಕೆಂಡಿನೊಳಗೆ ತುಂಬಿದರೆ ಬಕೆಟ್ ಸಾಲದು, ಡ್ರಮ್ ಬೇಕು. ಯಾವಾಗಲೂ ಬೆಳಿಗ್ಗೆ 7ಕ್ಕೇ ಅಳೆಯುವುದು, ಏಕೆಂದರೆ ಬಿಸಿಲೇರಿದಂತೆ ಮರಗಳು ನೀರೆಳೆದು ಸಣ್ಣ ಒರತೆಯ ಹರಿವು ಇಳಿಯುವುದುಂಟು.

10 ಲೀಟರಿಗೆ 40 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 15 ಲೀಟರ್, ದಿನಕ್ಕೆ 21,600. ಜಲ ಜೀವನ್ ಮಿಷನ್ನಿನ ತಲೆಗೆ 55 ಲೀಟರಿನ ಲೆಕ್ಕದಲ್ಲಿ ಇದು ಸುಮಾರು 390 ಜನರ ನೀರು. ದನ, ತೋಟ, ಕೆಳಗಿನ ಹಳ್ಳ ಇದರಲ್ಲಿ ಸೇರಿಲ್ಲ. ‘ದಿನಕ್ಕೆ ಬರೀ ಸಾವಿರ ಕ್ಯಾನ್’ ಎಂದು ಯಾರಾದರೂ ಹೇಳಿದರೆ, 20 ಲೀಟರಿನ ಸಾವಿರ ಕ್ಯಾನ್ ಅಂದರೆ 20,000 ಲೀಟರ್. ಒರತೆ ಹೆಚ್ಚುಕಡಿಮೆ ಪೂರ್ತಿ ಹೋಯಿತು ಅಂತಲೇ ಲೆಕ್ಕ.

ಅಷ್ಟಕ್ಕೂ ಘಟಕ ಒರತೆಗೆ ಕೈ ಹಚ್ಚಬೇಕಾಗಿಯೇ ಇಲ್ಲ. ನಮ್ಮ ಕಡೆ ಮಳೆ ನೀರು ತೂತುತೂತಾದ ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗಿ, ಅಡಿಯ ಶೇಡಿ ಮಣ್ಣು ತಡೆದಲ್ಲಿ ಗುಡ್ಡದ ಪಕ್ಕಕ್ಕೆ ಒಡೆದು ಬರುತ್ತದೆ. ಮೇಲಿನ ಖಾಸಗಿ ಜಾಗದಲ್ಲಿ ಒಂದು ಕೊಳವೆಬಾವಿ ಕೊರೆದರೆ ಸಾಕು, ಕೆಳಗಿನ ದಬ್ಬೆ ಒಣಗಬಹುದು. ಅಮೆರಿಕದ ನಿಯಮವಂತೂ ಒರತೆಗೆ ನೀರುಣಿಸುವ ಪದರಕ್ಕೆ ಕೊರೆದ ಬಾವಿಯ ನೀರನ್ನೂ ‘ಒರತೆ ನೀರು’ ಎಂದು ಮಾರಲು ಬಿಡುತ್ತದೆ. ಪಂಪ್ ಹಾಕಿದರೂ ಒರತೆಯ ಬಾಯಲ್ಲಿ ನೀರು ಹರಿಯುತ್ತಲೇ ಇರಬೇಕು ಎಂಬ ಷರತ್ತಿದೆ. ಎಷ್ಟು ಹರಿಯಬೇಕು? ಇಡೀ ಜಗಳ ಇರುವುದೇ ಅಲ್ಲಿ. ನಮ್ಮಲ್ಲಿ 1882ರ ಈಸ್‌ಮೆಂಟ್ ಕಾಯ್ದೆಯ ನೆರಳು ಇನ್ನೂ ಇದೆ: ನೆಲ ಯಾರದೋ ಅಡಿಯ ನೀರೂ ಅವರದೇ ಎಂಬ ಹಳೇ ವಾದ.

ಕೊಳವೆಬಾವಿಯ ನೀರೆತ್ತಿ ಒರತೆಗೆ ಏನಾಗುತ್ತದೆಂದು ನೋಡುವ ಪಂಪ್ ಪರೀಕ್ಷೆಯ ದಿನ ಊರಿನವರು ಇರಬೇಕಾದ್ದು ಬಾವಿಯ ಹತ್ತಿರ ಅಲ್ಲ, ಒರತೆಯ ಹತ್ತಿರ. ಮೊದಲಿನ ಮೂರು ದಿನದ ಅಳತೆ ಕೈಯಲ್ಲಿರಲಿ; ಪಂಪ್ ಶುರುವಾದ ಮೇಲೆ ಅರ್ಧ ಗಂಟೆಗೊಮ್ಮೆ, ನಿಂತ ಮೇಲೂ ಹರಿವು ಮರಳುವ ತನಕ ಅಳೆಯುತ್ತಿರಬೇಕು. ಮೂರು ಗಂಟೆ ಓಡಿಸಿ ‘ಏನೂ ಆಗಲಿಲ್ಲ’ ಎನ್ನುವುದು ಪರೀಕ್ಷೆಯೇ ಅಲ್ಲ, ಪರಿಣಾಮ ಮುಟ್ಟಲು ದಿನಗಳೇ ಬೇಕಾಗಬಹುದು. ಕನಿಷ್ಠ 72 ಗಂಟೆ ಕೇಳಿ, ಅದೂ ಬೇಸಿಗೆಯಲ್ಲಿ. ಇನ್ನೊಂದು ಕಣ್ಕಟ್ಟು: ಎತ್ತಿದ ನೀರನ್ನು ಬಾವಿಯ ಪಕ್ಕದಲ್ಲೇ ಬಿಟ್ಟರೆ ಅದು ಮತ್ತೆ ಇಂಗಿ ಒರತೆಯನ್ನು ತುಂಬಿಸುತ್ತದೆ. ಪೈಪಿನಲ್ಲಿ ಒರತೆಗಿಂತ ಕೆಳಕ್ಕೆ ಒಯ್ದು ಬಿಡಿಸಬೇಕು.

ಮಿಷಿಗನ್ ರಾಜ್ಯದ ಮೆಕೋಸ್ಟಾ ಕೌಂಟಿಯಲ್ಲಿ ನೆಸ್ಲೆಯ ಬಾಟಲಿ ಘಟಕಕ್ಕೆ ನಿಮಿಷಕ್ಕೆ 400 ಗ್ಯಾಲನ್ ಎತ್ತಲು ಅನುಮತಿ ಇತ್ತು. ಸ್ಥಳೀಯರು ಕೋರ್ಟಿಗೆ ಹೋದರು. 2003ರಲ್ಲಿ ವಿಚಾರಣಾ ನ್ಯಾಯಾಲಯ ಪಂಪ್ ನಿಲ್ಲಿಸಲು ಹೇಳಿತು. ಮೇಲ್ಮನವಿಗಳಾಗಿ 2009ರಲ್ಲಿ ರಾಜಿಯಾಯಿತು. ನಿಮಿಷಕ್ಕೆ ಸರಾಸರಿ 218 ಗ್ಯಾಲನ್, ಅಂದರೆ ಸುಮಾರು 825 ಲೀಟರ್. ಹರಿವು ತಗ್ಗುವ ಬೇಸಿಗೆಯಲ್ಲಿ ಅದಕ್ಕಿಂತಲೂ ಕಡಿಮೆ. ಅಲ್ಲಿಯೂ ಕೊನೆಗೆ ಋತುವಿನ ಲೆಕ್ಕವೇ ಬಂತು.

‘ನೈಸರ್ಗಿಕ ಖನಿಜಯುಕ್ತ ನೀರು’ ಎಂಬ ಲೇಬಲ್ಲಿಗೆ ಅರ್ಜಿ ಬಂದರೆ ಐಎಸ್ 13428 ಎಂಬ ಭಾರತೀಯ ಮಾನದಂಡ ಓದಿ. ಮೂಲದ ಹರಿವು, ಉಷ್ಣತೆ, ಲವಣಾಂಶ ವರ್ಷವಿಡೀ ಸ್ಥಿರವಾಗಿರಬೇಕು, ಸಹಜವಾದ ಸಣ್ಣ ಏರಿಳಿತ ಬಿಟ್ಟು. ಮಳೆಗಾಲದಲ್ಲಿ ಭೋರ್ಗರೆದು ಮೇಯಲ್ಲಿ ಬೆರಳು ಗಾತ್ರಕ್ಕಿಳಿಯುವ ಒರತೆಯನ್ನು ಸ್ಥಿರ ಎನ್ನುವುದು ಹೇಗೆ? ಎರಡು ವರ್ಷದ ದಾಖಲೆ ಪುಸ್ತಕವಿದ್ದರೆ ಈ ಪ್ರಶ್ನೆಗೆ ತೂಕ ಬರುತ್ತದೆ. ಬರೀ ಕುಡಿಯುವ ನೀರಿನ ಪ್ಯಾಕಿಂಗ್ ಆದರೆ ಐಎಸ್ 14543. ಅಲ್ಲಿ ಈ ವಾದ ನಡೆಯದು.

ಗ್ರಾಮಸಭೆಯ ಠರಾವಿನಲ್ಲಿ ‘ನಮ್ಮ ನೀರು ನಮ್ಮದು’ ಎಂದಷ್ಟೇ ಬರೆದರೆ ಅದು ಕಡತದಲ್ಲಿ ಮಲಗುತ್ತದೆ. ಒರತೆಯ ಸರ್ವೆ ನಂಬರ್, ಕನಿಷ್ಠ ಹರಿವು, ಅಳೆದ ತಾರೀಖು, ಅವಲಂಬಿಸಿದ ಮನೆಗಳು, ನೀರಿಂಗುವ ಮೇಲಿನ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ಸರ್ವೆ ನಂಬರ್ ಎಲ್ಲ ಇರಲಿ. ಕಾಡಿನೊಳಗಿನ ಒರತೆಯಾದರೆ 2006ರ ಅರಣ್ಯ ಹಕ್ಕು ಕಾಯ್ದೆಯ 5ನೇ ಕಲಂ, ಆ ಕಾಯ್ದೆಯ ಹಕ್ಕುದಾರರು ಇರುವ ಕಡೆ, ನೀರಿನ ಮೂಲಗಳ ರಕ್ಷಣೆಯ ಅಧಿಕಾರವನ್ನು ಗ್ರಾಮಸಭೆಗೂ ಕೊಟ್ಟಿದೆ. ಅದನ್ನು ಹೆಸರಿಸಿಯೇ ಬರೆಯಿರಿ.

ರಕ್ಷಣೆಯ ಹೆಸರಿನಲ್ಲಿ ಒರತೆಯ ಕಣ್ಣಿಗೆ, ಅಂದರೆ ನೀರು ಹೊರಬರುವ ಬಾಯಿಗೆ, ಜೆಸಿಬಿ ತರಬೇಡಿ. ಶೇಡಿ ಪದರ ಒಡೆದರೆ ನೀರು ಕೆಳಕ್ಕೆ ಜಾರಿಕೊಳ್ಳುತ್ತದೆ. ಸಿಮೆಂಟ್ ತೊಟ್ಟಿ ಕಟ್ಟುವುದಾದರೆ ಹೊರಹೋಗುವ ಪೈಪು ಕಣ್ಣಿಗಿಂತ ತಗ್ಗಿನಲ್ಲೇ ಇರಲಿ. ನೀರು ಕಣ್ಣಿಗಿಂತ ಮೇಲೆ ನಿಂತರೆ ಒತ್ತಡಕ್ಕೆ ಒರತೆ ಬೇರೆ ದಾರಿ ಹುಡುಕುತ್ತದೆ.

ಮುಂದಿನ ಅಳತೆ ಮೇ 12, ಸೋಮವಾರ, ಬೆಳಿಗ್ಗೆ 7. ಅದರ ಹಿಂದಿನ ಮೂರು ದಿನದಲ್ಲಿ ಮಳೆ ಬಿದ್ದರೆ ಪಕ್ಕದಲ್ಲಿ ‘ಮಳೆ’ ಎಂದು ಬರೆದು, ಕನಿಷ್ಠದ ಲೆಕ್ಕದಿಂದ ಬಿಡುವುದು.